ಮರುಮಾತು ಕೇಳಿಸದ ಸೇವೆ

1998ರ ಅಕ್ಟೋಬರ್ ಕೊನೆಯಲ್ಲಿ ಮಿಚ್ ಚಂಡಮಾರುತ ಮಧ್ಯ ಅಮೆರಿಕದ ಪುಟ್ಟ ದೇಶ ಹೊಂಡುರಾಸಿನ ಮೇಲೆ ಬಂದು ಕೂತುಬಿಟ್ಟಿತು. ದಿನಗಟ್ಟಲೆ ಸುರಿದ ಮಳೆಗೆ ಗುಡ್ಡಗಳು ಜರಿದವು, ಹೊಳೆಗಳು ಊರಿಗೆ ಊರನ್ನೇ ಬಳಿದುಕೊಂಡು ಹೋದವು. ಸಾವಿರಾರು ಜನ ಸತ್ತರು, ಲಕ್ಷಾಂತರ ಜನ ನೆಲೆ ತಪ್ಪಿದರು. ಸುದ್ದಿ ಕೇಳಿದ ಉತ್ತರ ಅಮೆರಿಕದ ಚರ್ಚುಗಳು ಸುಮ್ಮನಿರಲಿಲ್ಲ. ಹತ್ತು ಹದಿನೈದು ಜನರ ತಂಡಗಳು ವಾರ, ಹತ್ತು ದಿನದ ಲೆಕ್ಕದಲ್ಲಿ ಬಂದು ಸಿಮೆಂಟ್ ಇಟ್ಟಿಗೆ ಹೊತ್ತು, ಗೋಡೆ ಎಬ್ಬಿಸಿ, ಹಾಡಿ, ಪ್ರಾರ್ಥಿಸಿ ಹಿಂದಿರುಗಿದವು. ಕೆಲವು ವರ್ಷಗಳ ಮೇಲೆ ಮಿಷಿಗನ್‌ನ ಕ್ಯಾಲ್ವಿನ್ ಕಾಲೇಜಿನ ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್ ಈ ಮನೆಗಳ ಬೆನ್ನುಹತ್ತಿದರು. ಅವರು ಸ್ವತಃ ಕ್ರೈಸ್ತರು, ಹೊಂಡುರಾಸಿನಲ್ಲೇ ವರ್ಷಗಟ್ಟಲೆ ಬದುಕಿದವರು. ಆದ್ದರಿಂದ ಇದು ಹೊರಗೆ ನಿಂತು ಕಲ್ಲೆಸೆಯುವವರ ಕೆಲಸವಾಗಿರಲಿಲ್ಲ. 2006ರಲ್ಲಿ ಪ್ರಕಟವಾದ ಅವರ ಅಧ್ಯಯನದ ಲೆಕ್ಕ ಹೀಗಿತ್ತು: ಒಂದು ತಂಡ ಹೋಗಿಬರಲು ಸುಮಾರು 30,000 ಡಾಲರ್, ಅಂಥದೇ ಒಂದು ಮನೆಯನ್ನು ಅಲ್ಲಿನ ಸಂಸ್ಥೆ ಕಟ್ಟಿಕೊಡಲು ಸುಮಾರು 2,000 ಡಾಲರ್. ಹಣದ ಮಾತು ಹಾಗಿರಲಿ, ಪರದೇಶದವರು ಖುದ್ದಾಗಿ ಬಂದು ಕಟ್ಟಿದ ಮನೆಯಲ್ಲಿ ಪ್ರೀತಿಯ ಗುರುತು ಹೆಚ್ಚೇನಾದರೂ ಉಳಿದಿರಬೇಕಲ್ಲ? ಅದೂ ಕಾಣಲಿಲ್ಲ. ತಂಡಗಳು ಕಟ್ಟಿದ ಮನೆಯವರ ಬಾಳಿನಲ್ಲೂ ಸ್ಥಳೀಯ ಸಂಸ್ಥೆ ಕಟ್ಟಿದ ಮನೆಯವರ ಬಾಳಿನಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಸಿಗಲಿಲ್ಲ.

ಇದನ್ನು ಬರೀ ದುಂದುವೆಚ್ಚದ ಕತೆಯಾಗಿ ಓದಿದರೆ ನಷ್ಟ ನಮ್ಮದೇ. ಪ್ರೀತಿಯಿಂದ ಮಾಡಿದ ಎಷ್ಟೋ ಕೆಲಸ ಲೆಕ್ಕದ ಪುಸ್ತಕದಲ್ಲಿ ದುಂದಾಗಿಯೇ ಕಾಣುತ್ತದೆ. ದೂರದೂರಿನ ತಂಗಿಯ ಮನೆಗೆ ಹಬ್ಬಕ್ಕೆ ಹೋಗುವ ಅಣ್ಣ ಬಸ್ ಚಾರ್ಜನ್ನು ಮನಿಯಾರ್ಡರ್ ಮಾಡಿದ್ದರೆ ಉಳಿತಾಯವಾಗುತ್ತಿತ್ತು ಎಂದು ಯಾರೂ ಹೇಳುವುದಿಲ್ಲ. ನನ್ನ ಪ್ರಶ್ನೆ ಬೇರೆ. ಆ ಗೋಡೆಯ ಬುಡಕ್ಕೆ ಸ್ವಲ್ಪ ಹತ್ತಿರ ಹೋಗಿ ನಿಂತರೆ ಅದು ಕಾಣುತ್ತದೆ. ಒಂದೇ ಬಣ್ಣದ ಟೀ ಶರ್ಟು ತೊಟ್ಟ ಹುಡುಗ ಹುಡುಗಿಯರು ಸಾಲಾಗಿ ನಿಂತು ಇಟ್ಟಿಗೆ ದಾಟಿಸುತ್ತಿದ್ದಾರೆ. ಜೀವಮಾನದಲ್ಲಿ ಕರಣೆ ಹಿಡಿಯದ ಕೈಯೊಂದು ಗಾರೆ ಮೆತ್ತುತ್ತಿದೆ. ಊರಿನ ಮೇಸ್ತ್ರಿ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಾನೆ. ತೂಕದ ಗುಂಡು ಇಳಿಬಿಟ್ಟು ನೋಡಿದರೆ ಗೋಡೆ ಎರಡು ಬೆರಳು ವಾಲಿರುವುದು ಅವನಿಗೆ ಗೊತ್ತು. ಅದನ್ನು ಹೇಳಲು ಅವನಿಗೆ ಇಂಗ್ಲಿಷ್ ಬಾರದು, ಕೇಳಿಸಿಕೊಳ್ಳಲು ಅವರಿಗೆ ಸ್ಪಾನಿಷ್ ಬಾರದು. ನಡುವೆ ಇರುವ ದುಭಾಷಿಗೆ ಬಂದವರ ಮನಸ್ಸು ನೋಯಿಸಬಾರದೆಂಬ ಎಚ್ಚರ. ಮೇಸ್ತ್ರಿ ನಗುತ್ತಾನೆ, ಬೆರಳೆತ್ತಿ ಚೆನ್ನಾಗಿದೆ ಎನ್ನುತ್ತಾನೆ. ಅವರು ಹೋದ ಮೇಲೆ ಆ ಸಾಲನ್ನು ಕಿತ್ತು ಮತ್ತೆ ಕಟ್ಟಿಕೊಂಡರಾಯಿತು. ಇಂಥ ಮರುಕಟ್ಟುವಿಕೆಯ ಕತೆಗಳು ಮಿಷನ್ ವಲಯದಲ್ಲಿ ನಗೆಚಾಟಿಕೆಯಂತೆ ಓಡಾಡುತ್ತವೆ. ನಗುವಂಥದ್ದೇ, ಆದರೆ ಅದರಲ್ಲಿ ಒಂದು ಗಂಭೀರ ಸಂಗತಿ ಅಡಗಿದೆ: ಅಲ್ಲಿ ಮರುಮಾತಿಗೆ ಜಾಗವಿರಲಿಲ್ಲ. ಪರಸಂಸ್ಕೃತಿಯಲ್ಲಿ ಮಾಡುವ ಸೇವೆಯ ನಿಜವಾದ ಅಳತೆ ಇದೇ ಎಂದು ನನ್ನ ವಾದ. ಕೊಡುವವನ ಮನಸ್ಸು ಎಷ್ಟು ಶುದ್ಧ, ಕೊಟ್ಟದ್ದು ಎಷ್ಟು ಎಂಬುದೆಲ್ಲ ಆಮೇಲಿನದು. ಪಡೆಯುವವನು 'ಬೇಡ' ಎನ್ನಬಲ್ಲನೇ, 'ಹೀಗಲ್ಲ, ಹೀಗೆ' ಎಂದು ತಿದ್ದಬಲ್ಲನೇ, ತಿದ್ದಿದರೆ ಅದು ಕೇಳಿಸುತ್ತದೆಯೇ? ಇಲ್ಲವಾದರೆ ಅಲ್ಲಿ ನಡೆದದ್ದು ಸೇವೆಯಲ್ಲ, ಸೇವೆಯ ಅಭಿನಯ.

ಈ ಅಭಿನಯ ಸಣ್ಣ ಪ್ರಮಾಣದಲ್ಲೇನೂ ನಡೆಯುತ್ತಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ 2005ರ ಸಮೀಕ್ಷೆಯೊಂದರ ಆಧಾರದ ಮೇಲೆ ಕಟ್ಟಿದ ಅಂದಾಜಿನಂತೆ, ಅಲ್ಲಿನ ಚರ್ಚುಗಳ ಸುಮಾರು 16 ಲಕ್ಷ ವಯಸ್ಕ ಸದಸ್ಯರು ಪ್ರತಿ ವರ್ಷ ಹೀಗೆ ಹೊರದೇಶಕ್ಕೆ ಹೋಗುತ್ತಿದ್ದರು. ಹೋಗಿಬರುವ ದಿನ ಬಿಟ್ಟರೆ ಅಲ್ಲಿ ಇರುತ್ತಿದ್ದದ್ದು ಸಾಧಾರಣವಾಗಿ ಎಂಟು ದಿನ. ಎಂಟು ದಿನದಲ್ಲಿ ಹೊಸ ಊರಿನ ನೀರು ಹೊಟ್ಟೆಗೆ ಒಗ್ಗುವುದೇ ಕಷ್ಟ.

ವಿಚಿತ್ರವೆಂದರೆ ಇಂಥ ಪ್ರಯಾಣಕ್ಕೆ ಆಧಾರವಾಗಿ ತೋರಿಸುವ ಗ್ರಂಥವೇ ಇದಕ್ಕೆ ಅಡ್ಡ ನಿಲ್ಲುತ್ತದೆ. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸು ತನ್ನ ಶಿಷ್ಯರನ್ನು ಇಬ್ಬಿಬ್ಬರಂತೆ ಊರೂರಿಗೆ ಕಳಿಸುವ ಪ್ರಸಂಗವಿದೆ. ಅಲ್ಲಿನ ಅಪ್ಪಣೆಗಳನ್ನು ಗಮನವಿಟ್ಟು ಓದಬೇಕು. ಹಣದ ಚೀಲ ಒಯ್ಯಬಾರದು, ಜೋಳಿಗೆ ಬೇಡ, ಕೆರ ಬೇಡ. ಒಂದು ಮನೆ ಒಳಗೆ ಕರೆದರೆ ಅಲ್ಲೇ ಇರಬೇಕು, ಮನೆಯಿಂದ ಮನೆಗೆ ಅಲೆಯಬಾರದು. ಬಡಿಸಿದ್ದನ್ನು ಉಣ್ಣಬೇಕು. ಸೇರಿಸಿಕೊಳ್ಳದ ಊರಾದರೆ ಕಾಲಿನ ಧೂಳು ಕೊಡವಿ ಮುಂದೆ ಹೋಗಬೇಕು. ಎಂದರೆ ಹೋಗುವವನು ಬರಿಗೈಯವನು, ಊರಿನವರೇ ಅನ್ನದಾತರು. ಅವರು ಬಾಗಿಲು ಹಾಕಿದರೆ ಇವನಿಗೆ ರಾತ್ರಿ ಊಟವಿಲ್ಲ. ಇಂದಿನ ತಂಡ ಹೋಗುವ ಬಗೆಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಬಾಟಲಿ ನೀರು, ಮನೆಯಿಂದ ಕಟ್ಟಿಕೊಂಡ ತಿಂಡಿ, ಔಷಧದ ಪೆಟ್ಟಿಗೆ, ಹಂಚಲು ಆಟಿಕೆಗಳ ಚೀಲ, ವಿಮೆ, ತಮ್ಮದೇ ವ್ಯಾನು. ಊರಿನಿಂದ ಏನೂ ಬೇಡದವನಾಗಿ ಊರಿಗೆ ಬರುವುದು. ಹೊಟ್ಟೆ ಕೆಡಬಾರದೆಂಬ ಎಚ್ಚರ ತಪ್ಪಲ್ಲ. ಆದರೆ ಏನೂ ಬೇಡದವನ ಎದುರು ಊರಿನವರ ಕೈ ಯಾವಾಗಲೂ ಕೆಳಗೇ ಇರುತ್ತದೆ. ಅತಿಥಿಯಾಗಲು ಒಪ್ಪದವನು ದಾನಿಯಾಗಿಯೇ ಉಳಿಯುತ್ತಾನೆ, ದಾನಿಗೆ ಎದುರಾಡುವವರು ಕಡಿಮೆ.

ಪರದೇಶದವನು ಊರಿಗೆ ಋಣಿಯಾಗುವ ಮೊದಲ ಜಾಗ ಭಾಷೆ. ಕಲಿಯುವವನ ಎದುರು ಊರಿನ ಮಗುವೂ ಮೇಷ್ಟ್ರು. ಇದನ್ನು ಕನ್ನಡಿಗರಿಗೆ ದೂರದ ಉದಾಹರಣೆಯಿಂದ ಹೇಳಬೇಕಾಗಿಲ್ಲ. ಬಾಸೆಲ್ ಮಿಷನ್ನಿನ ಮೊದಲ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. ಎರಡು ವರ್ಷದ ಮೇಲೆ ಹೆರ್ಮನ್ ಮೋಗ್ಲಿಂಗ್, 1853ರಲ್ಲಿ ಫರ್ಡಿನಾಂಡ್ ಕಿಟೆಲ್. ಬಂದ ಉದ್ದೇಶ ಧರ್ಮಪ್ರಚಾರ, ಅದನ್ನು ಅವರು ಮುಚ್ಚಿಟ್ಟವರಲ್ಲ. ಆದರೆ ಪ್ರಚಾರ ಮಾಡಬೇಕಾದರೆ ಜನ ಆಡುವ ಮಾತು ಬರಬೇಕು, ಆ ಮಾತಿನ ಒಳಗುಟ್ಟು ತಿಳಿಯಬೇಕಾದರೆ ಜನ ಹಾಡುವುದೇನು, ಗಾದೆ ಕಟ್ಟುವುದು ಹೇಗೆ, ಯಾವ ಕಾವ್ಯವನ್ನು ಕೂತು ಕೇಳುತ್ತಾರೆ ಎಂಬುದೆಲ್ಲ ತಿಳಿಯಬೇಕು. ಈ ದಾರಿಯಲ್ಲಿ ಹೊರಟ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಡಿಸಿದರು, ಕನ್ನಡದ ಮೊದಲ ಪತ್ರಿಕೆ. ಆಮೇಲೆ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚುಹಾಕಿಸಿದರು. ಕ್ರಿಸ್ತನನ್ನು ಸಾರಲು ಬಂದವರು ಪುರಂದರದಾಸರ ಪದಗಳನ್ನು ತಾಳೆಗರಿ, ಕೈಬರಹಗಳಿಂದ ಅಚ್ಚಿನ ಮೊಳೆಗೆ ಇಳಿಸಿದ ಈ ವ್ಯಂಗ್ಯವನ್ನು ಮಿಷನ್ ಮಂಡಳಿಯ ಯಾವ ವಾರ್ಷಿಕ ಗುರಿಯೂ ಊಹಿಸಿರಲಾರದು. ಕಲಿಯಲು ಕೂತವನನ್ನು ಕಲಿಕೆ ತನ್ನ ದಾರಿಗೆ ಎಳೆದುಕೊಂಡು ಹೋಗುತ್ತದೆ, ಅವನ ಗುರಿಗಳನ್ನು ಕೇಳಿ ಹೋಗುವುದಿಲ್ಲ.

ಕಿಟೆಲ್ ನಿಘಂಟಿನ ಯಾವುದಾದರೂ ಪುಟ ತೆರೆದು ನೋಡಿದರೆ ಈ ಮಾತು ಕಣ್ಣಿಗೇ ಕಾಣುತ್ತದೆ. 1894ರಲ್ಲಿ ಹೊರಬಂದ ಆ ಹೊತ್ತಗೆಗೆ 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದ. ಅಲ್ಲಿನ ಪದದ ಕೆಳಗೆ ಬರೀ ಅರ್ಥವಿಲ್ಲ. ಅದರ ತಮಿಳು, ತೆಲುಗು, ಮಲಯಾಳ ನಂಟರು ಇದ್ದಾರೆ, ಹಳಗನ್ನಡದ ಕವಿ ಅದನ್ನು ಬಳಸಿದ ಜಾಗವಿದೆ, ಅದರ ಜೊತೆಗೇ ಹೊಲದ ಬದುವಿನಲ್ಲೋ ಹಿತ್ತಲಿನಲ್ಲೋ ಯಾರೋ ಆಡಿದ ಗಾದೆಯಿದೆ. ಗಾದೆಯನ್ನು ಎಂಟು ದಿನದಲ್ಲಿ ಕಲಿಯಲಾಗದು. ಅದು ಪುಸ್ತಕದಲ್ಲಿ ಇರುವುದಿಲ್ಲ, ಕೇಳಿದಾಗ ಯಾರಿಗೂ ನೆನಪಾಗುವುದಿಲ್ಲ. ಜಗಳದ ನಡುವೆ, ಸಾಲದ ಮಾತಿನ ನಡುವೆ ತಾನಾಗಿ ಬಾಯಿಗೆ ಬರುತ್ತದೆ. ಅದನ್ನು ಹಿಡಿಯಬೇಕಾದವನು ಜಗಳ ನಡೆಯುವಾಗ ಅಲ್ಲಿರಬೇಕು, ಅವನು ಇರುವುದು ಜನಕ್ಕೆ ಮರೆತುಹೋಗಿರಬೇಕು. ಇದಕ್ಕಾಗಿ ಕಿಟೆಲ್ ಪಟ್ಟ ಪಾಡು ಸಣ್ಣದಲ್ಲ. ಪಂಡಿತರ ಜಗಲಿಯಲ್ಲಿ ಕೂತರು, ಊರವರ ಜೊತೆ ಬೆರೆಯುವ ಅತಿಯಾದ ಹಂಬಲಕ್ಕಾಗಿ ಸ್ವಂತ ಮಿಷನ್ನಿನವರ ಅಸಮಾಧಾನಕ್ಕೆ ಗುರಿಯಾದರು. ಅವರ ಕೈಯಲ್ಲಿ ಮತಾಂತರವಾದವರ ಸಂಖ್ಯೆ ಹಿಡಿದು ಅಳೆದಿದ್ದರೆ ಅವರೊಬ್ಬ ಸೋತ ಮಿಷನರಿ. ಇಂದಿನ ತಂಡಗಳ ವರದಿಯಲ್ಲೂ ಇರುವುದು ಸಂಖ್ಯೆಗಳೇ: ಇಷ್ಟು ಗೋಡೆ, ಇಷ್ಟು ಮಕ್ಕಳು, ಇಷ್ಟು ಪ್ರಾರ್ಥನೆ. ಊರಿನವರು ನಮಗೆ ಏನನ್ನು ಕಲಿಸಿದರು, ಯಾವುದನ್ನು ಬೇಡವೆಂದರು ಎಂಬುದಕ್ಕೆ ಆ ನಮೂನೆಯಲ್ಲಿ ಕಾಲಮ್ಮೇ ಇಲ್ಲ.

ಇಲ್ಲಿ ಬಲವಾದ ಆಕ್ಷೇಪವೊಂದು ಬರುತ್ತದೆ, ಬರಲೇಬೇಕು. ದೀರ್ಘಕಾಲ ಇದ್ದವರನ್ನು ಹೀಗೆ ಎತ್ತಿಹಿಡಿಯುವುದು ಎಷ್ಟು ಸರಿ? ಬಾಸೆಲ್ ಮಿಷನ್ ಭಾರತಕ್ಕೆ ಬರಲು ಸಾಧ್ಯವಾದದ್ದೇ 1833ರ ಚಾರ್ಟರ್ ಕಾಯಿದೆ ಕಂಪನಿ ಆಳಿಕೆಯ ಬಾಗಿಲನ್ನು ಬ್ರಿಟಿಷರಲ್ಲದ ಮಿಷನ್ನುಗಳಿಗೂ ತೆರೆದದ್ದರಿಂದ. ಅವರ ಬೆನ್ನಿಗೆ ಕಲೆಕ್ಟರ ಬಂಗಲೆಯ ನೆರಳಿತ್ತು. 1844ರಲ್ಲಿ ಮೋಗ್ಲಿಂಗರ ಶಿಷ್ಯನಾದ ಆನಂದರಾವ್ ಕೌಂಡಿಣ್ಯ ಎಂಬ ಸಾರಸ್ವತ ತರುಣ ಗೆಳೆಯರೊಡನೆ ದೀಕ್ಷಾಸ್ನಾನ ಪಡೆದಾಗ ಮಂಗಳೂರು ಅಲ್ಲೋಲಕಲ್ಲೋಲವಾಯಿತು, ಮನೆಗಳು ಒಡೆದವು. ಮತಾಂತರಗೊಂಡು ಜಾತಿಯ ಆಸರೆ ಕಳೆದುಕೊಂಡವರಿಗೆ ಮಿಷನ್ ಮಗ್ಗ ಹಾಕಿಕೊಟ್ಟಿತು, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಆ ಕೆಂಪು ಹೆಂಚು ಕರಾವಳಿಯ ಮಾಡುಗಳನ್ನೇ ಬದಲಿಸಿತು, ನಿಜ. ಆದರೆ ಕೆಲಸ ಕೊಡುವವನೂ ಬಾಡಿಗೆ ಮನೆ ಕೊಡುವವನೂ ಭಾನುವಾರ ಬೋಧಿಸುವವನೂ ಒಬ್ಬನೇ ಆದಾಗ ಕೂಲಿಯವನ ಮರುಮಾತು ಎಲ್ಲಿ ಉಳಿಯಿತು? ಈ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಹೆಚ್ಚು ದಿನ ಇದ್ದಮಾತ್ರಕ್ಕೆ ಸೇವೆ ನಿಷ್ಕಳಂಕವಾಗದು. ಹೆಚ್ಚು ದಿನ ಇರುವವನು ಹೆಚ್ಚು ಹಾನಿಯನ್ನೂ ಮಾಡಬಲ್ಲ. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಇದ್ದವನು ತಾನು ಮಾಡಿದ್ದರ ಫಲವನ್ನು ಅಲ್ಲೇ ಎದುರಿಸಬೇಕಾಯಿತು. ಮನೆ ಒಡೆದ ತಾಯಿಯ ಶಾಪ ಅವನ ಕಿವಿಗೆ ಬಿತ್ತು, ಪೇಟೆಯ ಬೀದಿಯಲ್ಲಿ ಬೋಧಿಸಲು ನಿಂತಾಗ ಜನ ಅವನದೇ ಭಾಷೆಯೆನಿಸಿದ ಕನ್ನಡದಲ್ಲಿ, ತುಳುವಿನಲ್ಲಿ ತಿರುಗಿ ಕೇಳಿದರು, ವಾದಕ್ಕೆ ನಿಂತರು, ಬೈದರು. ಬೈಗುಳ ಅರ್ಥವಾಗುವಷ್ಟು ಭಾಷೆ ಬರುವುದು ಸಣ್ಣ ಅರ್ಹತೆಯಲ್ಲ. ಎಂಟು ದಿನಕ್ಕೆ ಬಂದವನು ಶಾಪಕ್ಕೂ ಸಿಗುವುದಿಲ್ಲ. ಫಲ ಹಣ್ಣಾಗುವ ಹೊತ್ತಿಗೆ ಅವನ ವಿಮಾನ ಏರಿರುತ್ತದೆ.

ಅನಾಥಾಲಯಗಳ ವಿಷಯದಲ್ಲಿ ಈ ಅಂತರ ನಗೆಚಾಟಿಕೆಯಾಗಿ ಉಳಿಯದೆ ಅಪಾಯವೇ ಆಗುತ್ತದೆ. ಮಿಷನ್ ಪ್ರವಾಸಗಳಿಗೆ ಅನಾಥಾಲಯಕ್ಕಿಂತ ಪ್ರಿಯವಾದ ಜಾಗವಿಲ್ಲ: ಮಕ್ಕಳ ಜೊತೆ ಬೆರೆಯಲು ಭಾಷೆ ಬೇಕಿಲ್ಲ, ಎತ್ತಿಕೊಂಡರೆ ನಗುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ. ಕಾಂಬೋಡಿಯಾದಲ್ಲಿ 2005ರಿಂದ ಐದು ವರ್ಷಗಳಲ್ಲಿ ಇಂಥ ನಿಲಯಗಳ ಸಂಖ್ಯೆ ಮುಕ್ಕಾಲು ಪಾಲು ಏರಿತು ಎಂದು 2011ರಲ್ಲಿ ಅಲ್ಲಿನ ಸರ್ಕಾರ ಮತ್ತು ಯುನಿಸೆಫ್ ಸೇರಿ ನಡೆಸಿದ ಅಧ್ಯಯನ ತೋರಿಸಿತು. ದೇಶದಲ್ಲಿ ಅನಾಥರು ಹೆಚ್ಚಾಗಿರಲಿಲ್ಲ. ಆ ನಿಲಯಗಳಲ್ಲಿದ್ದ ಮಕ್ಕಳಲ್ಲಿ ನಾಲ್ಕರಲ್ಲಿ ಮೂವರಿಗೆ ತಂದೆಯೋ ತಾಯಿಯೋ ಬದುಕಿದ್ದರು. ನೋಡಲು ಬರುವವರು, ಕೊಡಲು ಬರುವವರು ಹೆಚ್ಚಾದ ಕಡೆ ತೋರಿಸಲು ಮಕ್ಕಳೂ ಬೇಕಾದರು; ಓದು, ಊಟ ಸಿಗುತ್ತದೆಂದು ಬಡ ತಾಯಿತಂದೆ ಕಳಿಸಿಕೊಟ್ಟರು. ಎತ್ತಿ ಮುದ್ದಿಸಿದ ತರುಣಿಗೆ ಖ್ಮೇರ್ ಭಾಷೆ ಬರುತ್ತಿದ್ದರೆ 'ನಿನ್ನ ಅಮ್ಮ ಎಲ್ಲಿದ್ದಾಳೆ ಮಗು' ಎಂಬ ಒಂದೇ ಪ್ರಶ್ನೆ ಸಾಕಿತ್ತು. 2010ರ ಜನವರಿ 12ರ ಭೂಕಂಪದ ಬೆನ್ನಿಗೇ ಹೈಟಿಯಲ್ಲಿ ನಡೆದದ್ದು ಇನ್ನೂ ಢಾಳಾದ ಪ್ರಕರಣ. ಅಮೆರಿಕದ ಬ್ಯಾಪ್ಟಿಸ್ಟ್ ಸಭೆಗಳ ಹತ್ತು ಮಂದಿ 33 ಮಕ್ಕಳನ್ನು ಬಸ್ಸಿನಲ್ಲಿ ಗಡಿ ದಾಟಿಸಿ ಡೊಮಿನಿಕನ್ ಗಣರಾಜ್ಯಕ್ಕೆ ಒಯ್ಯಲು ಹೊರಟು ಸಿಕ್ಕಿಬಿದ್ದರು. ಅನಾಥರನ್ನು ಕಾಪಾಡುತ್ತಿದ್ದೇವೆಂಬುದು ಅವರ ನಂಬಿಕೆ. ವಿಚಾರಿಸಿದಾಗ ಆ ಮಕ್ಕಳಿಗೆ ಹೆತ್ತವರು ಇದ್ದರು. ಇದನ್ನು ಮಕ್ಕಳ ಕಳ್ಳಸಾಗಣೆಯ ಸಾಲಿಗೆ ಸೇರಿಸಿ ಕೈತೊಳೆದುಕೊಳ್ಳುವುದು ಸುಲಭ. ನನಗೆ ಅದು ಕಿವುಡುತನದ ಪ್ರಕರಣವಾಗಿ ಹೆಚ್ಚು ಕಾಡುತ್ತದೆ. ಒಳ್ಳೆಯದನ್ನು ಮಾಡಲು ಅವಸರಪಟ್ಟವರಿಗೆ ಯಾರನ್ನೂ ಕೇಳುವ ಪುರುಸೊತ್ತು ಇರಲಿಲ್ಲ.

ಹಾಗಾದರೆ ವೈದ್ಯರ ಗತಿಯೇನು ಎಂದು ಕೇಳಬಹುದು. ಕಣ್ಣಿನ ಪೊರೆ ತೆಗೆಯುವ, ಸೀಳುತುಟಿ ಹೊಲಿಯುವ ಶಸ್ತ್ರವೈದ್ಯನಿಗೆ ಊರಿನ ಗಾದೆ ಏಕೆ ಬೇಕು? ಹತ್ತು ದಿನದಲ್ಲಿ ನೂರು ಜನಕ್ಕೆ ಕಣ್ಣು ಕೊಟ್ಟು ಹೋದರೆ ಅದು ಅಭಿನಯವೇ? ಖಂಡಿತ ಅಲ್ಲ, ನನ್ನ ಅಳತೆ ಅದನ್ನು ತಳ್ಳುವುದೂ ಇಲ್ಲ. ಆದರೆ ಅಂಥ ಶಿಬಿರ ಚೆನ್ನಾಗಿ ನಡೆದಲ್ಲೆಲ್ಲ ಅದರ ಹಿಂದೆ ಯಾರಿದ್ದಾರೆಂದು ನೋಡಬೇಕು. ರೋಗಿಗಳನ್ನು ಆರಿಸಿದ, ಸಕ್ಕರೆ ಕಾಯಿಲೆಯವರನ್ನು ಬೇರೆ ಮಾಡಿದ, ಪಟ್ಟಿ ಬಿಚ್ಚುವ ದಿನ ಹಾಜರಿದ್ದ, ಕೀವು ಕಟ್ಟಿದರೆ ನಡುರಾತ್ರಿ ಬಾಗಿಲು ತೆಗೆದ ಸ್ಥಳೀಯ ಆಸ್ಪತ್ರೆಯೊಂದು ಅಲ್ಲಿರುತ್ತದೆ. ಹೊರಗಿನ ವೈದ್ಯ ಅದರ ಕರೆಯ ಮೇಲೆ ಬಂದವನು, ಅದರ ಮಾತು ಕೇಳುವವನು, ಬೇಡವೆಂದರೆ ಬರದವನು. ವೆಲ್ಲೂರಿನಲ್ಲಿ ಐಡಾ ಸ್ಕಡರ್ 1900ರಲ್ಲಿ ಶುರುಮಾಡಿದ ಔಷಧಾಲಯ ಇಂದು ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಾಗಿ (ಸಿಎಂಸಿ) ಭಾರತೀಯರ ಕೈಯಲ್ಲಿ ನಡೆಯುತ್ತಿದೆ. ಅಲ್ಲಿಗೆ ತಿಂಗಳ ಮಟ್ಟಿಗೆ ಬರುವ ಪರದೇಶದ ತಜ್ಞ ಆಸ್ಪತ್ರೆಯ ಹಿರಿಯರು ಹೇಳಿದ ವಾರ್ಡಿನಲ್ಲಿ ಕೆಲಸ ಮಾಡುತ್ತಾನೆ. ಅವನಿಗೆ ತಮಿಳು ಬಾರದಿದ್ದರೂ ಅವನಿಗಿಂತ ಮೇಲಿರುವವರಿಗೆ ಬರುತ್ತದೆ. ಅಲ್ಪಾವಧಿಯ ಕೈ ದೀರ್ಘಾವಧಿಯ ಮೈಗೆ ಅಂಟಿಕೊಂಡಿದ್ದರೆ ತೊಂದರೆಯಿಲ್ಲ. ತೊಂದರೆ ಇರುವುದು ಕೈ ಮಾತ್ರ ಬಂದು ಹೋಗುವಲ್ಲಿ.

ಇದಕ್ಕಿಂತ ಹೆಚ್ಚಾಗಿ ಕೇಳಿಬರುವ ಸಮರ್ಥನೆ ಹೋಗುವವರ ಕಡೆಯದು. ಊರಿಗೆ ಏನಾಯಿತೋ ಬಿಡಿ, ಹೋದ ತರುಣರ ಬದುಕು ಬದಲಾಗುತ್ತದೆ, ಬಡತನವನ್ನು ಕಣ್ಣಾರೆ ಕಂಡವನು ಮುಂದೆ ಕೈಬಿಚ್ಚಿ ಕೊಡುತ್ತಾನೆ ಎನ್ನುತ್ತಾರೆ. ವೆರ್ ಬೀಕ್ ಇದನ್ನೂ ಪರೀಕ್ಷಿಸಿದ್ದರು. ಹೋಗಿಬಂದವರು ತಾವು ಹೆಚ್ಚು ಕೊಡುತ್ತಿದ್ದೇವೆ, ಹೆಚ್ಚು ಪ್ರಾರ್ಥಿಸುತ್ತಿದ್ದೇವೆ ಎಂದು ಬರೆದುಕೊಟ್ಟರು. ಅವರನ್ನು ಕಳಿಸಿದ ಸಂಸ್ಥೆಯ ಜಮಾಖರ್ಚಿನ ಪುಸ್ತಕ ಅಷ್ಟನ್ನು ಹೇಳಲಿಲ್ಲ. ಇದರಲ್ಲಿ ವಂಚನೆಯೇನಿಲ್ಲ. ಪ್ರವಾಸದ ಉಬ್ಬರದಲ್ಲಿ ಮನುಷ್ಯ ತನ್ನ ಬಗ್ಗೆ ಮಾಡಿಕೊಳ್ಳುವ ಸಂಕಲ್ಪ ಮನೆಗೆ ಬಂದು ತಿಂಗಳ ಕಂತು ಕಟ್ಟುವಾಗ ಕರಗುತ್ತದೆ, ಅಷ್ಟೆ. ಆದರೆ ಸಮರ್ಥನೆಯ ಒಳಗೇ ಇರುವ ಇನ್ನೊಂದು ದೋಷ ನನಗೆ ದೊಡ್ಡದಾಗಿ ಕಾಣುತ್ತದೆ. ಹೋಗುವವನ ಆತ್ಮೋದ್ಧಾರವೇ ಗುರಿಯಾದರೆ ಊರಿನ ಬಡತನ ಅವನಿಗೆ ಪಾಠದ ಸಲಕರಣೆಯಾಗುತ್ತದೆ. ಸಲಕರಣೆಗೆ ಯಾರೂ ಅನುಮತಿ ಕೇಳುವುದಿಲ್ಲ. ಕ್ಯಾಥೊಲಿಕ್ ಚಿಂತಕ ಇವಾನ್ ಇಲಿಚ್ 1968ರ ಏಪ್ರಿಲ್‌ನಲ್ಲಿ ಮೆಕ್ಸಿಕೋದ ಹಳ್ಳಿಗಳ ಸೇವೆಗೆಂದು ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಸಭೆಯಲ್ಲಿ ಇದನ್ನೇ ಕಟುವಾಗಿ ಹೇಳಿದರು. ನೋಡಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಓದಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂಬುದು ಅವರ ಮಾತಿನ ತಿರುಳು. ಭಾಷೆ ಬಾರದೆ ಬಡವರ ನಡುವೆ ಬಂದವನಿಗೆ ತಾನು ಮಾಡುತ್ತಿರುವುದರ ಬಗ್ಗೆ ಅವರಿಗೆ ಏನನ್ನಿಸುತ್ತಿದೆ ಎಂದು ತಿಳಿಯುವ ದಾರಿಯೇ ಇಲ್ಲವೆಂದು ಅವರು ಎಚ್ಚರಿಸಿದ್ದರು. ಇಲಿಚ್ ಸ್ವತಃ ಯುರೋಪಿನಿಂದ ಬಂದು ಲ್ಯಾಟಿನ್ ಅಮೆರಿಕದಲ್ಲಿ ನೆಲೆಸಿ, ಅಲ್ಲಿಗೆ ಬರುವ ಮಿಷನರಿಗಳಿಗೆ ಸ್ಪಾನಿಷ್ ಕಲಿಸುವ ಕೇಂದ್ರ ನಡೆಸುತ್ತಿದ್ದವರು. ಆದ್ದರಿಂದ ಅದು ಬರುವವರಿಗೆಲ್ಲ ಬಾಗಿಲು ಹಾಕುವ ಮಾತಲ್ಲ.

ಇನ್ನು ನಮ್ಮ ದೇಶದಲ್ಲಿ ಈ ವಿಷಯ ಎತ್ತಿದೊಡನೆ ಮೇಲೇಳುವ ಪ್ರಶ್ನೆ, ಮತಾಂತರ. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನು ಕೊಡುತ್ತದೆ. 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರೊಳಗೆ ಇಲ್ಲ ಎಂದಿತು. ಕಾನೂನಿನ ವಾದವನ್ನು ವಕೀಲರಿಗೆ ಬಿಡೋಣ. ನನಗೆ ಅನಿಸುವುದಿಷ್ಟು: ತಾನು ನಂಬಿದ್ದನ್ನು ಇನ್ನೊಬ್ಬನಿಗೆ ಹೇಳುವುದರಲ್ಲಿ ಅವಮಾನವಿಲ್ಲ, ಅದು ಕೇಳುವವನ ಬುದ್ಧಿಯ ಮೇಲೆ ಇಟ್ಟ ಗೌರವವೂ ಆಗಬಹುದು. ಆದರೆ ಹೇಳುವವನ ಪಕ್ಕದಲ್ಲೇ ಅಕ್ಕಿಯ ಮೂಟೆ ಇದ್ದರೆ ಕೇಳುವವನ ಮರುಮಾತು ಗಂಟಲಲ್ಲೇ ಉಳಿಯುತ್ತದೆ. ಸೇವೆಯನ್ನು ಮತಪ್ರಚಾರದ ಗಾಳಕ್ಕೆ ಎರೆಯಾಗಿಸುವುದನ್ನು ಗಾಂಧೀಜಿ ಮತ್ತೆ ಮತ್ತೆ ಆಕ್ಷೇಪಿಸಿದ್ದು ಇದಕ್ಕಾಗಿಯೇ. ವಿಚಿತ್ರವೆನಿಸಬಹುದು, ಆದರೆ ಈ ಅಳತೆಯಲ್ಲಿ ಮಂಗಳೂರಿನ ಬೀದಿಯಲ್ಲಿ ನಿಂತು ಕನ್ನಡದಲ್ಲಿ ವಾದಿಸಿ ಬೈಸಿಕೊಂಡ ಪಾದ್ರಿ, ಬಾಯಿಬಿಟ್ಟು ಧರ್ಮದ ಮಾತೇ ಆಡದೆ ಉಡುಗೊರೆ ಹಂಚಿ ಹೋಗುವ ತಂಡಕ್ಕಿಂತ ಪ್ರಾಮಾಣಿಕನಾಗಿ ಕಾಣುತ್ತಾನೆ. ಅವನಿಗೆ ಇಲ್ಲ ಎನ್ನಬಹುದಿತ್ತು. ಬಹಳ ಜನ ಹಾಗೆ ಅಂದರು ಕೂಡ.

ಇದೆಲ್ಲ ಬಿಳಿಯರ ಪಾಪ, ನಮಗೇನು ಎಂದು ಕೂರುವ ಹಾಗೂ ಇಲ್ಲ. 1910ರ ಎಡಿನ್‌ಬರೋ ಮಿಷನ್ ಸಮ್ಮೇಳನದಲ್ಲಿ, ಪಶ್ಚಿಮದವರೇ ತುಂಬಿದ್ದ ಸಭೆಯ ಎದುರು ನಿಂತು, ನಿಮ್ಮ ತ್ಯಾಗವನ್ನು ಕಂಡಿದ್ದೇವೆ, ಈಗ ನಮಗೆ ಬೇಕಾದದ್ದು ಗೆಳೆತನ ಎಂಬರ್ಥದ ಮಾತಾಡಿ ಹಲವರ ಮುಖ ಕೆಂಪಾಗಿಸಿದವರು ತಿರುನೆಲ್ವೇಲಿಯ ವಿ. ಎಸ್. ಅಜರಯ್ಯ. ಅವರೇ ತಮಿಳುನಾಡಿನಿಂದ ಹೊರಟು ತೆಲುಗು ಸೀಮೆಯ ದೋರ್ನಕಲ್ಲಿಗೆ ಮಿಷನರಿಯಾಗಿ ಹೋದರು, ತೆಲುಗು ಕಲಿತರು, 1912ರಲ್ಲಿ ಅಲ್ಲಿನ ಬಿಷಪ್ಪರಾದರು, 1945ರಲ್ಲಿ ಅಲ್ಲೇ ಮಣ್ಣಾದರು. ಕರ್ನಾಟಕ ಪ್ರಾಂತದ ಜೆಸ್ವಿಟರು 1970ರಲ್ಲಿ ನಾಗಾಲ್ಯಾಂಡಿಗೆ ಹೋಗಿ ಕೊಹಿಮಾ ಹತ್ತಿರದ ಜಖಾಮದಲ್ಲಿ ನೆಲೆಯೂರಿದರು. ಮಲೆನಾಡಿನಿಂದಲೋ ಕರಾವಳಿಯಿಂದಲೋ ಹೋದವನಿಗೆ ಅಂಗಾಮಿ ನಾಗರ ಮನೆಯ ಅಡುಗೆ, ಮಾತು, ನಡವಳಿಕೆ ಜರ್ಮನಿಯವನಿಗೆ ಮಂಗಳೂರು ಇದ್ದಷ್ಟೇ ಹೊಸದು. ಇವರ ಪಕ್ಕದಲ್ಲಿ, ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ಬಸ್ಸು ಮಾಡಿಕೊಂಡು ಬುಡಕಟ್ಟಿನ ಹಾಡಿಗೆ ಹೋಗಿ, ಬಟ್ಟೆ ಹಂಚಿ, ಸ್ನಾನ ಮಾಡುವುದು ಹೇಗೆಂದು ಹೇಳಿಕೊಟ್ಟು ಸಂಜೆಗೆ ಮರಳುವವರನ್ನು ನಿಲ್ಲಿಸಿದರೆ, ಅವರು ಯಾವ ಧರ್ಮದವರಾಗಲಿ, ಯಾವ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ತಂಡದವರಾಗಲಿ, ಹೊಂಡುರಾಸಿನ ಗೋಡೆಯ ಪಕ್ಕದವರೇ.

ಎಂಟು ದಿನದ ಪ್ರಯಾಣಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಅವುಗಳ ಹೆಸರು ಬದಲಾಗಬೇಕು, ಹೆಸರಿನ ಜೊತೆ ಲೆಕ್ಕವೂ. ಹೋಗುವುದು ಕಲಿಯಲು ಎಂದಾದರೆ ಕಲಿಸುವವರಿಗೆ ಸಂಬಳ ಸಲ್ಲಬೇಕು: ಉಳಿದುಕೊಂಡ ಮನೆಗೆ ಊಟ ವಸತಿಯ ಹಣ, ಭಾಷೆ ಹೇಳಿಕೊಟ್ಟವನಿಗೆ ಪಾಠದ ಹಣ, ಮೇಸ್ತ್ರಿಗೆ ದಿನಗೂಲಿ. ಆಗ ಕರಣೆ ಅವನ ಕೈಯಲ್ಲಿರುತ್ತದೆ, ಬಂದವನು ಕಲಸಿದ ಗಾರೆ ನೀರಾಗಿದ್ದರೆ ಮುಲಾಜಿಲ್ಲದೆ ಬೈಯುತ್ತಾನೆ. ಮನೆ ಕಟ್ಟುವ ಹಣ ಬೇರೆಯಾಗಿ ಹೋಗಲಿ, ಯಾರ ಮನೆ ಮೊದಲು ಎಂಬುದನ್ನು ಊರಿನವರೇ ತೀರ್ಮಾನಿಸಲಿ. ಸೇವೆ ಎಂಬ ಮಾತನ್ನು ಭಾಷೆ ಕಲಿತು ಉಳಿದವರಿಗೆ, ಉಳಿದವರ ಕರೆಗೆ ಬಂದವರಿಗೆ ಕಾದಿರಿಸೋಣ. ಇದರ ಮೇಲೂ ಚರ್ಚಿನ ಖಜಾನೆಯಲ್ಲಿ ದುಡ್ಡು ಉಳಿದರೆ ಇನ್ನೊಂದು ಕೆಲಸ ಮಾಡಬಹುದು: ಟಿಕೆಟ್ಟನ್ನು ತಿರುಗಿಸಿ ತೆಗೆಯುವುದು. ಆ ಮೇಸ್ತ್ರಿ, ಅವನ ಹೆಂಡತಿ, ಅವರ ಸಭಾಪಾಲಕ ಮಿಷಿಗನ್ನಿಗೆ ಬಂದು ಎಂಟು ದಿನ ಇರಲಿ. ಅಲ್ಲಿನ ವೃದ್ಧಾಶ್ರಮಗಳನ್ನು, ಅರ್ಧ ಖಾಲಿಯಾದ ಪ್ರಾರ್ಥನಾಲಯಗಳನ್ನು ನೋಡಲಿ. ಕೊನೆಯ ಭಾನುವಾರ ವೇದಿಕೆ ಹತ್ತಿ ತಮಗೆ ಅನಿಸಿದ್ದನ್ನು ಸ್ಪಾನಿಷ್‌ನಲ್ಲೇ ಹೇಳಲಿ, ದುಭಾಷಿಯನ್ನು ಈ ಸಲ ಇವರು ಹುಡುಕಿಕೊಳ್ಳಲಿ. ಲೆಕ್ಕದಲ್ಲಿ ಇದು ಒಂದು ತಂಡದ ಖರ್ಚಿಗಿಂತ ಕಡಿಮೆಯೇ ಆಗುತ್ತದೆ. ಅಡ್ಡಿಯೊಂದಿದೆ. ಮಿಷಿಗನ್ನಿನ ಹುಡುಗ ಪಾಸ್‌ಪೋರ್ಟ್ ತೋರಿಸಿ ಹೊಂಡುರಾಸಿಗೆ ಇಳಿದುಬಿಡುತ್ತಾನೆ, ಅವನಿಗೆ ವೀಸಾ ಬೇಕಾಗಿಲ್ಲ. ಮೇಸ್ತ್ರಿ ಮಾತ್ರ ಶುಲ್ಕ ಕಟ್ಟಿ, ಅಮೆರಿಕದ ರಾಯಭಾರ ಕಚೇರಿಯ ಕಿಟಕಿಯ ಮುಂದೆ ನಿಂತು, ತಾನು ಖಂಡಿತ ಹಿಂದಿರುಗಿ ಬರುತ್ತೇನೆಂದು ಅಧಿಕಾರಿಯನ್ನು ನಂಬಿಸಬೇಕು.